ನಂದಿಬೆಟ್ಟದ ಏರಿನಲ್ಲಿ ಒಂದು ಜೋಡಿ ರೋಲರ್ ಸ್ಕೀ

ಕಳೆದ ಅಕ್ಟೋಬರಿನಿಂದ ತಿಂಗಳಿಗೆ ಮೂರು ನಾಲ್ಕು ಬಾರಿಯಂತೆ ಒಂದು ಜೋಡಿ ರೋಲರ್ ಸ್ಕೀಗಳನ್ನು, ಎಂದರೆ ಹಿಮದ ಬದಲು ರಸ್ತೆಯ ಮೇಲೆ ಉರುಳುವ ಚಕ್ರದ ಸ್ಕೀಗಳನ್ನು, ನಂದಿಬೆಟ್ಟದ ರಸ್ತೆಯಲ್ಲಿ ಬಳಸುತ್ತ ಬಂದಿದ್ದೇನೆ. ಎರಡು ಅಡಿಗಿಂತ ತುಸು ಉದ್ದದ ಅಲ್ಯೂಮಿನಿಯಂ ಪಟ್ಟಿ, ಅದರ ಮುಂದೊಂದು ಹಿಂದೊಂದು ರಬ್ಬರ್ ಚಕ್ರ, ನಡುವೆ ಬೂಟಿನ ಮೂತಿಯನ್ನಷ್ಟೇ ಕಚ್ಚಿಕೊಂಡು ಹಿಮ್ಮಡಿಯನ್ನು ಮುಕ್ತವಾಗಿ ಬಿಡುವ ಬೈಂಡಿಂಗ್, ಇಷ್ಟೇ ಇದರ ರಚನೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದಾಗ ಜೋಡಿಯ ತೂಕ ಎರಡು ಕಿಲೋಗೆ ಹತ್ತಿರವಿತ್ತು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ತಯಾರಾಗುವ ಈ ಬಗೆಯ ಜೋಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವಾದ್ದರಿಂದ ಮುಂದೆ ಬರೆದಿರುವುದು ಅವುಗಳಲ್ಲಿ ಯಾವುದಕ್ಕಾದರೂ ಅನ್ವಯಿಸುತ್ತದೆ.

ಕೆಲಸದ ನಿಮಿತ್ತ ಫಿನ್ಲೆಂಡಿನ ಔಲುವಿನಲ್ಲಿ ಎರಡು ಚಳಿಗಾಲ ಕಳೆದಾಗ ಹಿಮದ ಮೇಲೆ ಸ್ಕೀಯಿಂಗ್ ಕಲಿತೆ. ಅಲ್ಲಿನವರು ಹಿಮ ಕರಗಿದ ಮೇಲೂ ಅಭ್ಯಾಸ ತಪ್ಪಬಾರದೆಂದು ಬೇಸಿಗೆಯಲ್ಲಿ ಚಕ್ರ ಕಟ್ಟಿಕೊಂಡು ರಸ್ತೆಗಿಳಿಯುತ್ತಾರೆ. ವರ್ಷವಿಡೀ ಬೇಸಿಗೆಯೇ ಇರುವ ನಮಗೆ ಇದು ಇನ್ನೂ ಹೆಚ್ಚು ಬೇಕಲ್ಲವೇ ಎಂಬ ತರ್ಕದಿಂದ ನಾನು ಇದನ್ನು ತರಿಸಿದೆ. ಕೇಳಿದವರು ನಕ್ಕರು. ಹಿಮವಿಲ್ಲದ ಕೊಡಗಿನಿಂದ ಹೋದ ತೆಕ್ಕಡ ಭವಾನಿ ಅವರು 2025ರಲ್ಲಿ ಚಿಲಿಯಲ್ಲಿ ನಡೆದ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯ 5 ಕಿ.ಮೀ. ವಿಭಾಗದಲ್ಲಿ ಕಂಚು ಗೆದ್ದ ಸುದ್ದಿಯನ್ನು ತೋರಿಸಿದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು.

ಕೊಳ್ಳುವ ಮೊದಲು ತೀರ್ಮಾನಿಸಬೇಕಾದ ಸಂಗತಿ ಬಗೆಯದು. ಕ್ಲಾಸಿಕ್ ಎಂಬ ಬಗೆಯಲ್ಲಿ ಚಕ್ರದೊಳಗೊಂದು ತಡೆ ಇದ್ದು, ಅದು ಮುಂದಕ್ಕೆ ಮಾತ್ರ ಉರುಳುತ್ತದೆ. ಆದ್ದರಿಂದ ಕಾಲನ್ನು ನೇರ ಹಿಂದಕ್ಕೆ ಒದ್ದು ಮುನ್ನುಗ್ಗಬಹುದು. ಸ್ಕೇಟ್ ಬಗೆಯಲ್ಲಿ ಅಂಥ ತಡೆಯಿಲ್ಲ, ಪಾದವನ್ನು ಓರೆಯಾಗಿಟ್ಟು ಪಕ್ಕಕ್ಕೆ ತಳ್ಳಬೇಕು. ಕ್ಲಾಸಿಕ್‌ನ ಚಕ್ರ ಅಗಲವಾಗಿಯೂ ಗಿಡ್ಡವಾಗಿಯೂ ಇದ್ದರೆ, ಸ್ಕೇಟ್‌ನ ಚಕ್ರಕ್ಕೆ 100 ಮಿ.ಮೀ. ವ್ಯಾಸ, 24 ಮಿ.ಮೀ. ಅಗಲ. ದೊಡ್ಡ ಚಕ್ರ ಸಣ್ಣ ಗುಂಡಿಗಳನ್ನು ಸುಲಭವಾಗಿ ದಾಟುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಸ್ಕೇಟ್ ಬಗೆಯನ್ನು ಆರಿಸಿದೆ. ಆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಓರೆಯಾಗಿ ತಳ್ಳುವವನಿಗೆ ರಸ್ತೆಯ ಅಗಲ ಹೆಚ್ಚು ಬೇಕು. ಏರು ಕಡಿದಾದಷ್ಟೂ ಕಾಲುಗಳು ಇನ್ನಷ್ಟು ಅಗಲಿಸುತ್ತವೆ, ಕೈಯಲ್ಲಿ ಹಿಡಿದು ನೆಲಕ್ಕೆ ಊರಿ ತಳ್ಳುವ ಕೋಲುಗಳೂ ಸೇರಿದರೆ ಒಬ್ಬ ಮನುಷ್ಯ ಒಂದು ಆಟೋದಷ್ಟು ಜಾಗ ಹಿಡಿಯುತ್ತಾನೆ. ಎದುರಿನಿಂದ ಪ್ರವಾಸಿಗರ ವಾಹನ ಬಂದಾಗ ಈ ಮಾತಿನ ಅರ್ಥವಾಗುತ್ತದೆ.

ಚಕ್ರಗಳ ರಬ್ಬರಿಗೆ ಹಲವು ತಯಾರಕರು 1ರಿಂದ 4ರವರೆಗೆ ಸಂಖ್ಯೆ ಕೊಡುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಉರುಳುವ ವೇಗ ಕಡಿಮೆ. ನನ್ನದು ಸಾಮಾನ್ಯ ಅಭ್ಯಾಸಕ್ಕೆ ಎಲ್ಲರೂ ಬಳಸುವ 2ನೆಯ ಸಂಖ್ಯೆಯದು. ರಬ್ಬರ್ ಕಾದಷ್ಟೂ ಹಗುರವಾಗಿ ಉರುಳುತ್ತದೆ ಎಂಬುದು ಔಲುವಿನಲ್ಲಿ ಗಮನಕ್ಕೆ ಬಂದಿರಲಿಲ್ಲ, ಇಲ್ಲಿ ಮಾರ್ಚ್ ತಿಂಗಳಿನಲ್ಲಿ ಚೆನ್ನಾಗಿ ಬಂತು. ಬೆಳಗಿನ ಆರು ಗಂಟೆಗೆ ವಿಧೇಯವಾಗಿದ್ದ ಚಕ್ರ ಒಂಬತ್ತರ ಬಿಸಿಲಿಗೆ ಬೇರೆಯದೇ ಎನಿಸುತ್ತಿತ್ತು. ಮಂಜು ಕವಿದ ದಿನಗಳ ಸಮಸ್ಯೆ ಇದಕ್ಕೆ ವಿರುದ್ಧವಾದದ್ದು: ಒದ್ದೆ ಡಾಂಬರಿನ ಮೇಲೆ ಹಿಡಿತವಿದ್ದರೂ, ರಸ್ತೆಗೆ ಬಳಿದ ಬಿಳಿ ಬಣ್ಣದ ಪಟ್ಟಿಯ ಮೇಲೆ ಚಕ್ರ ಸೋಪಿನ ಮೇಲಿಟ್ಟಂತೆ ಜಾರುತ್ತದೆ. ತಿರುವುಗಳ ಒಳಮಗ್ಗುಲಿಗೆ ಮಳೆನೀರು ತಂದು ಹಾಕಿದ ನುಣುಪು ಜಲ್ಲಿಯೂ ಹಾಗೆಯೇ. ಬೇರಿಂಗ್‌ಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಚಕ್ರಕ್ಕೆ ಎರಡರಂತೆ ಇವೆ. ಧೂಳಿಗೆ ಒಂದು ಗರಗರ ಎಂದಾಗ ಅದರ ಮೇಲೆ ಕೆತ್ತಿದ ಸಂಖ್ಯೆಯನ್ನು ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ತೋರಿಸಿದೆ, ಅದೇ ಅಳತೆಯದು ಸಿಕ್ಕಿತು.

ನಿಜವಾದ ತೊಂದರೆ ಕೊಟ್ಟದ್ದು ಕೋಲುಗಳು. ಸ್ಕೇಟ್ ಬಗೆಗೆ ಕೋಲಿನ ಉದ್ದ ಸುಮಾರಾಗಿ ಎತ್ತರದ ನೂರಕ್ಕೆ 90 ಭಾಗ ಇರಬೇಕು, 170 ಸೆಂ.ಮೀ. ಎತ್ತರದ ನಾನು 152.5 ಸೆಂ.ಮೀ.ನದನ್ನು ತೆಗೆದುಕೊಂಡೆ, ಅಲ್ಲಿ ತಪ್ಪಾಗಲಿಲ್ಲ. ತಪ್ಪಾದದ್ದು ತುದಿಯಲ್ಲಿ. ಹಿಮಕ್ಕೆಂದು ಮಾಡಿದ ತುದಿ ಮತ್ತು ಅದರ ಬುಡದ ಅಗಲ ಬಿಲ್ಲೆ ರಸ್ತೆಯಲ್ಲಿ ನಿರುಪಯುಕ್ತ. ರಸ್ತೆಗೆ ಬಿಲ್ಲೆಯಿಲ್ಲದ, ಟಂಗ್‌ಸ್ಟನ್ ಕಾರ್ಬೈಡಿನ ಮೊನೆಯಿರುವ ಬೇರೆ ತುದಿಯನ್ನು ಅಂಟಿಸಬೇಕು. ಇದನ್ನು ಅರಿತೇ ತರಿಸಿದ್ದೆ. ಆದರೆ ನಮ್ಮ ಡಾಂಬರಿನಲ್ಲಿ ಇರುವುದು ಗ್ರಾನೈಟ್ ಜಲ್ಲಿ, ಅದರ ಮೇಲೆ ಮೊನೆ ಎರಡು ಮೂರು ಏರುಗಳಿಗೆ ಮೊಂಡಾಗುತ್ತದೆ. ಮೊಂಡಾದ ಮೊನೆ ನೆಲವನ್ನು ಕಚ್ಚದೆ ಕಿರ್ರೆಂದು ಹಿಂದಕ್ಕೆ ಸರಿಯುತ್ತದೆ. ಆಗ ತೋಳಿನ ಬಲವೆಲ್ಲ ವ್ಯರ್ಥವಾಗುವುದಲ್ಲದೆ ಮೊಣಕೈಗೆ ಒಂದೊಂದು ಕುಟ್ಟಿಗೂ ಏಟು ಬೀಳುತ್ತದೆ. ಯಲಹಂಕದ ನಮ್ಮ ಬೀದಿಗೆ ಸೈಕಲ್ಲಿನಲ್ಲಿ ಬರುವ ಸಾಣೆಯವರಿಗೆ ಕೊಟ್ಟು ನೋಡಿದೆ. ಕಿಡಿ ಹಾರಿತು, ಸಾಣೆಕಲ್ಲಿಗೆ ಗೀರು ಬಿತ್ತು, ಮೊನೆ ಇದ್ದ ಹಾಗೆಯೇ ಇತ್ತು. ‘ಇದೇನು ಕಬ್ಬಿಣ ಅಲ್ಲ ಸಾರ್’ ಎಂದು ಅವರು ದುಡ್ಡು ತೆಗೆದುಕೊಳ್ಳದೆ ಹೋದರು. ಕಾರ್ಬೈಡಿಗೆ ವಜ್ರದ ಪುಡಿ ಕೂರಿಸಿದ ಅರವೇ ಆಗಬೇಕು. ಅಂಥ ಸಣ್ಣ ಅರವೊಂದನ್ನು ಈಗ ಚೀಲದಲ್ಲಿಟ್ಟುಕೊಂಡಿದ್ದೇನೆ, ಪ್ರತಿ ಏರಿಗೆ ಮುಂಚೆ ಐದು ನಿಮಿಷ ಉಜ್ಜುವುದು ಹಲ್ಲುಜ್ಜಿದಷ್ಟೇ ರೂಢಿಯಾಗಿದೆ. ಸ್ಕೀ ತಯಾರಕರ ಪಟ್ಟಿಯಲ್ಲಿ ಈ ಅರ ಕೊನೆಯ ಪುಟದ ಬಿಡಿ ಸಾಮಾನು. ನಮ್ಮಲ್ಲಿ ಕೊಳ್ಳುವವರು ಮೊದಲು ಕೊಳ್ಳಬೇಕಾದದ್ದು ಅದನ್ನೇ.

ಬೂಟು ಕಣಕಾಲನ್ನು ಬಿಗಿಹಿಡಿಯುವ ಸ್ಕೇಟಿಂಗ್ ಬೂಟು, ಹಿಮದಲ್ಲಿ ಬಳಸುವುದೇ. ಬೈಂಡಿಂಗಿಗೂ ಅಟ್ಟೆಗೂ ಹೊಂದಾಣಿಕೆ ಇದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ನಮ್ಮ ಹವೆಗೆ ಒಳಗೆ ಬೆವರು ಸುರಿಯುತ್ತದೆ, ಬಳಸಿದ ದಿನ ಮನೆಯೊಳಗೆ ಬಿಡುವಂತಿಲ್ಲ.

ಏರುವ ಕೆಲಸದಲ್ಲಿ ಈ ಸಾಧನದ ಬಗ್ಗೆ ನನಗೆ ದೂರಿಲ್ಲ. ಬುಡದಿಂದ ತುದಿಯವರೆಗಿನ ಏಳೂವರೆ ಕಿ.ಮೀ. ಆಸುಪಾಸಿನ ದಾರಿಗೆ ನನಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಸೈಕಲ್ಲಿನಲ್ಲಿ ಇದೇ ದಾರಿಯನ್ನು ಹತ್ತಿದ್ದೇನೆ, ಓಡಿಯೂ ಹತ್ತಿದ್ದೇನೆ. ಕಾಲು, ಹೊಟ್ಟೆ, ಬೆನ್ನು, ತೋಳು ಎಲ್ಲವನ್ನೂ ಒಟ್ಟಿಗೆ ದುಡಿಸಿಯೂ ಮೊಣಕಾಲಿಗೆ ಪೆಟ್ಟು ಕೊಡದ ಇನ್ನೊಂದು ಬಗೆಯನ್ನು ನಾನು ಕಂಡಿಲ್ಲ. ಪಟ್ಟಿ ತುಸು ಬಾಗಿ ಮತ್ತೆ ನೆಟ್ಟಗಾಗುವ ಅನುಭವ, ಎರಡು ಹೆಜ್ಜೆಗೊಮ್ಮೆ ಜೋಡಿ ಕೋಲುಗಳು ಒಟ್ಟಿಗೆ ನೆಲ ಮುಟ್ಟುವ ಲಯ ಹಿಮವನ್ನು ನೆನಪಿಸುವಷ್ಟು ಹತ್ತಿರವಿದೆ.

ಇಳಿಯುವುದು ಬೇರೆ ಮಾತು. ಬುಡದಲ್ಲಿ ಚಹಾ ಮಾರುವ ಅಮ್ಮನೊಬ್ಬರು ಮೊದಲ ದಿನವೇ ಸ್ಕೀಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದ್ಕೆ ಬ್ರೇಕೆಲ್ಲೈತಪ್ಪಾ?’ ಎಂದು ಕೇಳಿದ್ದರು. ಇಲ್ಲ. ಈ ಜೋಡಿಗೂ ಇಲ್ಲ, ಮಾರಾಟವಾಗುವ ಜೋಡಿಗಳಲ್ಲಿ ಹೆಚ್ಚಿನವಕ್ಕೂ ಇಲ್ಲ. ಹಿಮದಲ್ಲಿ ಸ್ಕೀಯ ಅಂಚನ್ನು ಒತ್ತಿ ನಿಲ್ಲಿಸಬಹುದು. ಚಕ್ರಕ್ಕೆ ಅಂಚೆಂಬುದೇ ಇಲ್ಲ. ಹಿಮ್ಮಡಿಗಳನ್ನು ಅಗಲಿಸಿ ಮೂತಿಗಳನ್ನು ಒಳಕ್ಕೆ ತಿರುಗಿಸುವ ಉಪಾಯ ಮೆಲ್ಲನೆಯ ಇಳಿಜಾರಿನಲ್ಲಿ ಕೆಲಸ ಮಾಡುತ್ತದೆ, ವೇಗ ಹೆಚ್ಚಿದ ಮೇಲೆ ಮಾಡುವುದಿಲ್ಲ. ಉಳಿದ ದಾರಿ ಪಕ್ಕದ ಹುಲ್ಲಿಗೆ ನುಗ್ಗುವುದು. ನಂದಿಯ ರಸ್ತೆಯ ಪಕ್ಕದಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ತಡೆಗೋಡೆ. ಇಷ್ಟೆಲ್ಲ ತಿಳಿದಿದ್ದೂ ನವೆಂಬರಿನ ಒಂದು ಬೆಳಿಗ್ಗೆ, ತುದಿಯಿಂದ ಎರಡು ತಿರುವಿನಷ್ಟಾದರೂ ಇಳಿದು ನೋಡೋಣವೆಂದು ಹೊರಟೆ. ಎರಡನೆಯ ತಿರುವು ಮುಟ್ಟಲಿಲ್ಲ. ಕೈಗವಸು ಹರಿಯಿತು, ಸೊಂಟದ ಒಂದು ಮಗ್ಗುಲು ಮೂರು ವಾರ ನೀಲಿಗಟ್ಟಿತ್ತು, ಕಟ್ಟೆಯ ಮೇಲಿದ್ದ ಕೋತಿಗಳು ಚದುರಿಹೋದವು. ಹೆಲ್ಮೆಟ್ ಇದ್ದುದರಿಂದ ಅಷ್ಟಕ್ಕೇ ಮುಗಿಯಿತು.

ನಾರ್ವೆಯ ಲೀಸೆಬೋತ್ನ್ ಎಂಬಲ್ಲಿ 27 ಹೇರ್‌ಪಿನ್ ತಿರುವುಗಳ ಬೆಟ್ಟದ ರಸ್ತೆಯಲ್ಲಿ ರೋಲರ್ ಸ್ಕೀ ಓಟ ನಡೆಯುತ್ತದೆ. ದೂರ 7.5 ಕಿ.ಮೀ., ಹೆಚ್ಚುಕಡಿಮೆ ನಮ್ಮ ನಂದಿಯಷ್ಟೇ. ಏರು 640 ಮೀಟರ್. ಜಗತ್ತಿನ ಅತ್ಯುತ್ತಮ ಸ್ಕೀಯರ್‌ಗಳು ಓಡುವ ಆ ಸ್ಪರ್ಧೆಯೂ ಕೆಳಗಿನಿಂದ ಮೇಲಕ್ಕೆ ಮಾತ್ರ. ಅವರಿಗಿಲ್ಲದ ಹುಂಬತನ ನನಗೇಕೆಂದು ಅಂದಿನಿಂದ ಭಾವನವರನ್ನು ಕಾರಿನೊಂದಿಗೆ ತುದಿಗೆ ಬರಹೇಳುತ್ತೇನೆ. ಭಾವ ಬಾರದ ದಿನ ಚೀಲದಲ್ಲಿ ತಂದ ಕ್ಯಾನ್ವಾಸ್ ಶೂ ಹಾಕಿಕೊಂಡು ನಡೆದು ಇಳಿಯುತ್ತೇನೆ. ಅಮೆರಿಕದ ಜೆನೆಕ್ಸ್ ಸಂಸ್ಥೆ ತನ್ನ ವಿ2 ಸ್ಕೀಗಳಿಗೆ, ಕಾಲಿನ ಮೀನಖಂಡದಿಂದ ಹಿಂದಕ್ಕೆ ಒತ್ತಿ ಹಿಡಿಯುವ ಬ್ರೇಕನ್ನೂ, ಚಕ್ರಕ್ಕೆ ಉಜ್ಜಿ ವೇಗ ತಗ್ಗಿಸುವ ಇನ್ನೊಂದು ಉಪಕರಣವನ್ನೂ ಮಾಡುತ್ತದೆ. ಈಗ ಕೊಳ್ಳುವುದಾದರೆ ಮೊದಲು ಅದನ್ನೇ ವಿಚಾರಿಸುತ್ತಿದ್ದೆ. ಆದರೂ ನಂದಿಯನ್ನು ಇಳಿಯಲು ಅದನ್ನು ನಂಬುತ್ತಿರಲಿಲ್ಲ, ಬುಡದ ಹಳ್ಳಿಗಳ ಹಂಪ್‌ಗಳ ಬಳಿ ನಿಲ್ಲಲು ನಂಬುತ್ತಿದ್ದೆ.

ಹೊಸಬರು ನೇರವಾಗಿ ಬೆಟ್ಟಕ್ಕೆ ಬರಬಾರದು. ದೇವನಹಳ್ಳಿಯ ಆಚೀಚೆ ಮನೆಗಳಿಗಿಂತ ಮೊದಲೇ ರಸ್ತೆ ಬಂದು ಕುಳಿತಿರುವ ಬಡಾವಣೆಗಳು ಬೇಕಾದಷ್ಟಿವೆ. ನುಣುಪಾದ ಡಾಂಬರು, ವಾಹನವಿಲ್ಲ, ಇಳಿಜಾರಿಲ್ಲ, ಒಂದೆರಡು ನಾಯಿಗಳನ್ನು ಬಿಟ್ಟರೆ ಕೇಳುವವರಿಲ್ಲ. ನಾನು ಔಲುವಿನ ಅಭ್ಯಾಸವಿದ್ದೂ ಆರು ವಾರ ಅಂಥಲ್ಲಿಯೇ ಉರುಳಾಡಿದೆ. ಬೆಟ್ಟಕ್ಕೆ ವಾರದ ನಡುವಿನ ದಿನ ಬೆಳಿಗ್ಗೆ ಬರಬೇಕು, ಭಾನುವಾರ ಸೂರ್ಯೋದಯ ನೋಡುವವರ ವಾಹನಗಳ ನಡುವೆ ಕೋಲು ಬೀಸಲು ಜಾಗವಿರುವುದಿಲ್ಲ. ಹೊಳೆಯುವ ಪಟ್ಟಿಯ ಜಾಕೆಟ್ ಕಡ್ಡಾಯ.

ಬೆಲೆಯ ಮಾತು: ಸ್ಕೀ ಜೋಡಿಗೆ ಸುಮಾರು 300 ಯೂರೊ ಕೊಟ್ಟೆ, ಬೂಟು, ಬೈಂಡಿಂಗ್, ಕೋಲುಗಳಿಗೆ ಒಟ್ಟಾಗಿ ಅದಕ್ಕಿಂತ ಹೆಚ್ಚಾಯಿತು, ಸಾಗಣೆ ಮತ್ತು ಸುಂಕ ಬೇರೆ. ಒಂದು ಒಳ್ಳೆಯ ಸೈಕಲ್ಲಿನ ಹಣ ಇದು. ಹಿಮದ ಅಭ್ಯಾಸವಿದ್ದು ಅದನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ, ತುದಿಯಲ್ಲಿ ಕಾರಿನೊಂದಿಗೆ ಕಾಯುವ ಭಾವನಂಥವರು ಇರುವವರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಗಾಳಿಗೆ ಮೈಯೊಡ್ಡಿ ಬೆಟ್ಟ ಇಳಿಯುವ ಆಸೆಯಿಂದ ಕೊಳ್ಳುವವರು ಸೈಕಲ್ಲನ್ನೇ ಕೊಳ್ಳಲಿ, ಅದಕ್ಕೆ ಎರಡು ಬ್ರೇಕ್ ಇರುತ್ತದೆ.