ಕೊನೆಯ ಸ್ಲ್ಯಾಶ್ ನುಂಗಿದ ಆರ್ಡರ್‌ಗಳು

ಬಳ್ಳಾರಿಯಲ್ಲಿ ನಮ್ಮ ಮಾವನದು ಸಣ್ಣ ಜೀನ್ಸ್ ಯೂನಿಟ್. ಆರ್ಡರ್ ಬರೆದ ಚೀಟಿಗಳು ಬಟ್ಟೆ ರಾಶಿಯಲ್ಲಿ ಕಳೆದುಹೋಗುತ್ತವೆ ಅಂತ ನಾನೇ ಒಂದು ಆರ್ಡರ್ ಪೇಜ್ ಮಾಡಿಕೊಟ್ಟಿದ್ದೆ. ಮುಂದೆ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್, ಹಿಂದೆ ಆರ್ಡರ್ ಬರೆದಿಡುವ ಪುಟ್ಟದೊಂದು ನೋಡ್ ಆ್ಯಪ್ (ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್). ಹೊಸ ಸರ್ವರ್‌ಗೆ ಹಾಕಿದ ಮೇಲೆ ಮೂರು ದಿನ ಒಂದೂ ಆರ್ಡರ್ ಇಲ್ಲ.

"ಏನಪ್ಪಾ, ನಿನ್ನ ಸೈಟು ನೋಡಾಕಷ್ಟೇ ಐತೇನು?" ಅಂದರು ಮಾವ. ತೆರೆದು ನೋಡಿದೆ, ಪೇಜ್ ಚೆನ್ನಾಗೇ ಬರುತ್ತಿತ್ತು. ಸೀಸನ್ ಡಲ್ ಇರಬೇಕು ಮಾವ ಅಂದುಬಿಟ್ಟೆ.

ಆಮೇಲೆ ಹುಬ್ಬಳ್ಳಿಯ ಅಂಗಡಿಯವರೊಬ್ಬರ ಫೋನ್. "34ರ ಸೈಜ್ 40 ಪೀಸ್ ಅಂತ ಮೂರು ಸಲ ಬರದು ಒತ್ತೀನ್ರೀ. ಒತ್ತಿದ ಕೂಡ್ಲೆ ಖಾಲಿ ಫಾರ್ಮ್ ಬರ್ತದ." ಸರ್ವರ್‌ಗೆ ಬಂದದ್ದೆಲ್ಲ ದಾಖಲಾಗುವ ಲಾಗ್ ತೆಗೆದೆ. ಒಂದರ ಕೆಳಗೊಂದು ಎರಡು ಸಾಲು. ಕೊನೆಗೆ ಸ್ಲ್ಯಾಶ್ (/) ಇಲ್ಲದ ವಿಳಾಸಕ್ಕೆ ಪೋಸ್ಟ್, ಅಂದರೆ ಫಾರ್ಮ್ ತುಂಬಿ ಕಳಿಸಿದ್ದು; ಉತ್ತರ 301, ಅಂದರೆ ವಿಳಾಸ ಶಾಶ್ವತವಾಗಿ ಬದಲಾಗಿದೆ, ಅಲ್ಲಿಗೆ ಹೋಗಿ. ಅದೇ ಸೆಕೆಂಡಿನಲ್ಲಿ ಸ್ಲ್ಯಾಶ್ ಇರುವ ವಿಳಾಸಕ್ಕೆ ಗೆಟ್, ಅಂದರೆ ಬರೀ ಪೇಜ್ ಕೇಳಿದ್ದು; ಉತ್ತರ 200, ಅಂದರೆ ಎಲ್ಲಾ ಸರಿ. ಎರರ್ ಅನ್ನೋದು ಎಲ್ಲೂ ಇಲ್ಲ!

ಎಂಜಿನ್‌ಎಕ್ಸ್‌ನ ಹೊಸ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಬರೆಯುವಾಗ ನಾನು ಲೊಕೇಶನ್, ಅಂದರೆ ಪೇಜಿನ ವಿಳಾಸ ಹೇಳುವ ಸಾಲಿನ ಕೊನೆಗೆ ಸುಮ್ನೆ ಒಂದು ಸ್ಲ್ಯಾಶ್ ಹಾಕಿ, ಒಳಗೆ ಪ್ರಾಕ್ಸಿ ಪಾಸ್ (ಬಂದದ್ದನ್ನು ಹಿಂದಿನ ಆ್ಯಪ್‌ಗೆ ದಾಟಿಸುವ ಸೂಚನೆ) ಕೊಟ್ಟಿದ್ದೆ. ಹಾಗೆ ಬರೆದರೆ, ಸ್ಲ್ಯಾಶ್ ಇಲ್ಲದೆ ಬಂದವರನ್ನು ಎಂಜಿನ್‌ಎಕ್ಸ್ ತಾನಾಗಿಯೇ 301 ಕೊಟ್ಟು ಸ್ಲ್ಯಾಶ್ ಇರುವ ಕಡೆ ಕಳಿಸುತ್ತದೆ. ಬ್ರೌಸರ್ ಪೋಸ್ಟನ್ನು ಗೆಟ್ ಮಾಡಿಕೊಂಡು ಅಲ್ಲಿಗೆ ಹೋಗುತ್ತದೆ. ಫಾರ್ಮಿನಲ್ಲಿ ತುಂಬಿದ್ದೆಲ್ಲ ದಾರಿಯಲ್ಲೇ ಉದುರುತ್ತದೆ. ಬರೀ ಪೇಜ್ ತೆರೆದು ನೋಡುವ ನನ್ನಂಥ ಜಾಣರಿಗೆ ಇದು ಕಾಣೋದೇ ಇಲ್ಲ.

ಗಾಬರಿಯಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ಕೊನೆಯ ಸ್ಲ್ಯಾಶ್ ತೆಗೆಯುವ ರಿರೈಟ್ ರೂಲ್ ಹಾಕಿದೆ, ಅದೂ ಪರ್ಮನೆಂಟ್ ಅಂತ, ಅಂದರೆ ಇದೂ 301. ಒಂದು ರೂಲ್ ಸೇರಿಸುತ್ತದೆ, ಇನ್ನೊಂದು ಕಿತ್ತುಹಾಕುತ್ತದೆ. ರಿಡೈರೆಕ್ಟ್ (ಬೇರೆ ವಿಳಾಸಕ್ಕೆ ಕಳಿಸೋದು) ಜಾಸ್ತಿ ಆಯ್ತು ಅಂತ ಕ್ರೋಮ್ ಕೈಚೆಲ್ಲಿತು. ಈಗ ಪೇಜೂ ಇಲ್ಲ.

ಕೊನೆಗೆ ಆ ರೂಲ್ ಕಿತ್ತು, ಲೊಕೇಶನ್ ಮುಂದೆ ಸಮ ಚಿಹ್ನೆ (=, ಅಂದರೆ ಸರಿಯಾಗಿ ಇದೇ ವಿಳಾಸ ಮಾತ್ರ) ಇಟ್ಟು ಸ್ಲ್ಯಾಶ್ ಇಲ್ಲದ ವಿಳಾಸಕ್ಕೇ ಬೇರೆ ಬ್ಲಾಕ್ ಬರೆದೆ. ಅದಕ್ಕೂ ಅದೇ ಪ್ರಾಕ್ಸಿ ಪಾಸ್. ಆರ್ಡರ್ ಬಿತ್ತು. ಆದರೆ ಮಾವನ ಫೋನ್ ಹಳೆಯ 301 ನೆನಪಿಟ್ಟುಕೊಂಡು, ಸರ್ವರನ್ನು ಕೇಳದೆಯೇ ಸುತ್ತುತ್ತಿತ್ತು. ಅದರ ಕ್ಯಾಶ್ (ಬ್ರೌಸರ್ ನೆನಪಿಟ್ಟುಕೊಂಡ ಸಂಗ್ರಹ) ಅಳಿಸಿದೆ. ಎಲ್ಲಾ ಅಂಗಡಿಯವರ ಫೋನ್ ಇಸಿದುಕೊಂಡು ಅಳಿಸೋಕಾಗುತ್ತಾ? ಅದಕ್ಕೇ ಹೇಳೋದು, ಪರೀಕ್ಷೆ ಮಾಡುವಾಗ 302, ಅಂದರೆ ತಾತ್ಕಾಲಿಕ ರಿಡೈರೆಕ್ಟ್ ಇಡಿ. ಪೇಜ್ ತೆರೆದರೆ ಸಾಲದು, ಕರ್ಲ್ ಅನ್ನೋ ಕಮಾಂಡ್‌ನಲ್ಲಿ ಒಂದು ಪೋಸ್ಟ್ ಕಳಿಸಿ ಸ್ಟೇಟಸ್ ನಂಬರ್ ನೋಡಿ.

ಎಂಜಿನ್‌ಎಕ್ಸ್ ಬದಲು ಅಪಾಚೆ ಸರ್ವರ್ ಇದ್ದವರು ಫೋಲ್ಡರ್‌ಗಳಿಗೆ ಡೈರೆಕ್ಟರಿ ಸ್ಲ್ಯಾಶ್ (ಕೊನೆಗೆ ತಾನಾಗಿಯೇ ಸ್ಲ್ಯಾಶ್ ಸೇರಿಸುವ ಸೆಟ್ಟಿಂಗ್) ಆಫ್ ಮಾಡುವ ಮುಂಚೆ ಇಂಡೆಕ್ಸಸ್ (ಫೋಲ್ಡರ್ ಪಟ್ಟಿ ತೋರಿಸುವ ಸೆಟ್ಟಿಂಗ್) ಆಫ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಫೋಲ್ಡರ್ ಒಳಗಿನ ಪಟ್ಟಿ ಊರಿಗೆಲ್ಲ ಕಾಣಬಹುದು.

ಹುಬ್ಬಳ್ಳಿಯವರು ಈಗಲೂ ಆರ್ಡರನ್ನು ಫೋನಿನಲ್ಲೇ ಹೇಳುತ್ತಾರೆ. ಮಾವ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ.