ಮೊಬೈಲ್, ಡೆಪ್ತ್ ಕ್ಯಾಮೆರಾ, ಸೆನ್ಸರ್: ಎಳೆಗೂಸಿನ ಚಲನೆ ಯಾವುದರಲ್ಲಿ ಸರಿಯಾಗಿ ಸಿಗುತ್ತದೆ?

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ನೋಡುವ ಕ್ಲಿನಿಕ್‌ನಲ್ಲಿ ನಾನು ಫಿಸಿಯೊಥೆರಪಿಸ್ಟ್. ಕೂಸನ್ನು ಅಂಗಾತ ಮಲಗಿಸಿ, ಮೂರ್ನಾಲ್ಕು ನಿಮಿಷ ವಿಡಿಯೊ ತೆಗೆದು, ಅದು ಕೈಕಾಲು ಆಡಿಸುವ ಬಗೆ ನೋಡಿ ಮುಂದೆ ಸೆರೆಬ್ರಲ್ ಪಾಲ್ಸಿಯ (ಎಳೆಯ ಮೆದುಳಿಗಾದ ಹಾನಿಯಿಂದ ಮೈಯ ಚಲನೆಗೆ ತೊಡಕಾಗುವ ಸ್ಥಿತಿ) ಅಪಾಯ ಇದೆಯೇ ಎಂದು ಅಂದಾಜು ಮಾಡುವುದು ನನ್ನ ಕೆಲಸದ ಒಂದು ಭಾಗ. ಇದನ್ನೇ ಕ್ಯಾಮೆರಾ ಮತ್ತು ಎಐ ಮಾಡಬಲ್ಲವು ಎನ್ನುವವರು ಈಗ ಬಹಳ ಜನ. ಹಾಗಾಗಿ ಪೋಷಕರ ಒಪ್ಪಿಗೆ ಪಡೆದು, ಬೇರೆ ಬೇರೆ ಸಾಧನಗಳನ್ನು ನಾನೇ ಬಳಸಿ ನೋಡಿದೆ.

ಯಾವುದನ್ನು ಹೋಲಿಸಬೇಕಾದರೂ ಎದುರಿಗೆ ಇಡಬೇಕಾದದ್ದು ಪಳಗಿದ ಕಣ್ಣನ್ನೇ. ನರವಿಜ್ಞಾನಿ ಹೈನ್ಸ್ ಪ್ರೆಕ್ಟ್ಲ್ ರೂಪಿಸಿದ ಪದ್ಧತಿಯಲ್ಲಿ ನಾವು ಮುಖ್ಯವಾಗಿ ಹುಡುಕುವುದು ‘ಫಿಜೆಟಿ’ ಚಲನೆಗಳನ್ನು. ಹೆರಿಗೆಯ ನಿರೀಕ್ಷಿತ ದಿನದಿಂದ ಲೆಕ್ಕ ಹಾಕಿದರೆ ಮೂರರಿಂದ ಐದು ತಿಂಗಳ ನಡುವೆ ಕುತ್ತಿಗೆ, ಮೈ, ಮಣಿಕಟ್ಟು, ಪಾದಗಳಲ್ಲಿ ಎಲ್ಲ ದಿಕ್ಕಿಗೂ ಸಣ್ಣಸಣ್ಣದಾಗಿ ಹರಿದಾಡುವ ಚಲನೆಗಳಿವು. 1997ರಲ್ಲಿ ಪ್ರೆಕ್ಟ್ಲ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 130 ಮಕ್ಕಳಿದ್ದರು. ಫಿಜೆಟಿ ಸಹಜವಾಗಿದ್ದ 70 ಮಕ್ಕಳಲ್ಲಿ 67 ಮಕ್ಕಳ ನರವಿಕಾಸ ಸಹಜವಾಗಿಯೇ ಆಯಿತು. ಅದು ಇಲ್ಲದ ಅಥವಾ ಅಸಹಜವಾಗಿದ್ದ 60 ಮಕ್ಕಳಲ್ಲಿ 57 ಮಕ್ಕಳಿಗೆ ಮುಂದೆ ನರಸಂಬಂಧಿ ತೊಂದರೆ ಕಾಣಿಸಿಕೊಂಡಿತು. ಈ ಮಟ್ಟ ಮುಟ್ಟುವುದು ಯಂತ್ರಕ್ಕೆ ಸುಲಭವಲ್ಲ.

ಮೊದಲು ಮೊಬೈಲ್. ಎಲ್ಲರ ಕೈಯಲ್ಲೂ ಇರುವುದೇ ಇದರ ದೊಡ್ಡ ಬಲ. ಮಗು ಎಚ್ಚರವಾಗಿ, ಅಳದೆ, ಮೈಮೇಲೆ ಡೈಪರ್ ಅಥವಾ ತೆಳು ಬಟ್ಟೆಯಲ್ಲಿ ಇರಬೇಕು. ಬಾಯಲ್ಲಿ ನಿಪ್ಪಲ್, ಎದುರಿಗೆ ಆಟಿಕೆ ಬೇಡ. ತಲೆಯಿಂದ ಕಾಲಿನವರೆಗೆ ಪೂರ್ತಿ ಚೌಕಟ್ಟಿನೊಳಗೆ ಬರಬೇಕು. ಇಷ್ಟಾದರೆ ಮನೆಯಲ್ಲೇ ತೆಗೆದ ವಿಡಿಯೊ ನನ್ನ ಕಣ್ಣಿಗೆ ಸಾಕು. ಎಐಗೆ ಸಾಲುವುದಿಲ್ಲ, ಕಷ್ಟ ಶುರುವಾಗುವುದೇ ಅಲ್ಲಿ. ಓಪನ್‌ಪೋಸ್, ಮೀಡಿಯಾಪೈಪ್‌ನಂಥ ತಂತ್ರಾಂಶಗಳು ದೇಹದ ಕೀಲುಗಳ ಮೇಲೆ ಚುಕ್ಕೆ ಇಟ್ಟು, ಫ್ರೇಮಿನಿಂದ ಫ್ರೇಮಿಗೆ ಅವುಗಳ ಜಾಡು ಹಿಡಿಯುತ್ತವೆ. ಆದರೆ ಅವು ಹೆಚ್ಚಾಗಿ ಕಲಿತಿರುವುದು ದೊಡ್ಡವರ ಚಿತ್ರಗಳಿಂದ. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕಾಲು ಮಡಚಿಕೊಂಡೇ ಇರುತ್ತದೆ. ಮಗು ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿದೊಡನೆ ಎಡ ಮಣಿಕಟ್ಟಿನ ಚುಕ್ಕೆ ಬಲಕ್ಕೆ ಹಾರುತ್ತಿತ್ತು.

ಅದಕ್ಕಿಂತ ಮುಖ್ಯವಾದ ತೊಡಕು ಬೇರೆ. ಗಾಢ ನಿದ್ದೆಯಲ್ಲಿದ್ದ ಮಗುವಿನ ವಿಡಿಯೊ ಹಾಕಿ ನೋಡಿದೆ. ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ; ಮಣಿಕಟ್ಟಿನ ಚುಕ್ಕೆ ಮಾತ್ರ ಒಂದೇ ಸಮನೆ ನಡುಗುತ್ತಿತ್ತು, ಗ್ರಾಫ್‌ನಲ್ಲಿ ಗೆರೆ ಹಲ್ಲುಹಲ್ಲಾಗಿ ಬಂತು. ಅಂದಾಜಿನ ಈ ನಡುಕ ಮತ್ತು ನಿಜವಾದ ಫಿಜೆಟಿ ಚಲನೆ ಗಾತ್ರದಲ್ಲಿ ಒಂದಕ್ಕೊಂದು ತೀರಾ ಹತ್ತಿರ. ನಡುಕ ಹೋಗಲೆಂದು ಫಿಲ್ಟರ್ ಬಿಗಿ ಮಾಡಿದರೆ ನಿದ್ದೆಯ ಮಗುವಿನ ಗೆರೆ ನೆಟ್ಟಗಾಯಿತು, ಆದರೆ ಎಚ್ಚರವಿದ್ದ ಆರೋಗ್ಯವಂತ ಮಗುವಿನ ಫಿಜೆಟಿಯೂ ಅದರ ಜೊತೆ ಅಳಿಸಿಹೋಯಿತು. ದೊಡ್ಡ ಒದೆತಗಳು ಮಾತ್ರ ಉಳಿದವು. ನಮಗೆ ಬೇಕಾದ್ದೇ ಹೋದ ಮೇಲೆ ಉಳಿದ ಲೆಕ್ಕದಿಂದ ಏನು ಪ್ರಯೋಜನ? ಈ ಕ್ಷೇತ್ರದ ಗಂಭೀರ ತಂಡಗಳು ಶಿಶುಗಳ ಚಿತ್ರಗಳಿಂದಲೇ ಮಾದರಿಗೆ ತರಬೇತಿ ಕೊಡುವುದು ಯಾಕೆಂದು ಆಗ ಮನದಟ್ಟಾಯಿತು.

ಡೆಪ್ತ್ ಕ್ಯಾಮೆರಾ ದೂರವನ್ನೂ ಅಳೆಯುತ್ತದೆ. ಕಾಲು ಕ್ಯಾಮೆರಾದ ಕಡೆಗೇ ಎದ್ದಾಗ ಮೊಬೈಲ್‌ಗೆ ಅದು ಬರೀ ಕುಗ್ಗಿದ ಹಾಗೆ ಕಾಣುತ್ತದೆ, ಇದಕ್ಕೆ ಹಾಗಲ್ಲ. ಡೆಪ್ತ್ ಚಿತ್ರವನ್ನಷ್ಟೇ ಉಳಿಸಿಕೊಂಡರೆ ಮುಖಚಹರೆ ಸ್ಪಷ್ಟವಾಗಿ ಇರುವುದಿಲ್ಲ ಎಂಬುದು ಪೋಷಕರಿಗೆ ಸಮಾಧಾನದ ವಿಷಯ, ನನಗೂ. ಆದರೆ ಹಾಸಿಗೆಗೆ ಒತ್ತಿಕೊಂಡ ಹಿಮ್ಮಡಿ ಹಾಸಿಗೆಯಲ್ಲೇ ಕರಗಿಬಿಡುತ್ತದೆ. ಸ್ಟ್ಯಾಂಡ್, ಕಂಪ್ಯೂಟರ್ ಎಲ್ಲ ಬೇಕಾಗಿರುವುದರಿಂದ ಕುಟುಂಬವೇ ಕ್ಲಿನಿಕ್‌ಗೆ ಬರಬೇಕು. ಆ ಹೊತ್ತಿಗೆ ಮಗು ಹಸಿದಿದ್ದರೆ, ಅಳುತ್ತಿದ್ದರೆ ಆ ದಿನ ಹೋದಂತೆಯೇ. ಸಂಶೋಧಕರು ನೆಚ್ಚಿಕೊಂಡಿದ್ದ ಕಿನೆಕ್ಟ್ ಎಂಬ ಡೆಪ್ತ್ ಕ್ಯಾಮೆರಾದ ತಯಾರಿಕೆಯನ್ನು ಮೈಕ್ರೋಸಾಫ್ಟ್ 2017ರಲ್ಲೇ ನಿಲ್ಲಿಸಿತು ಎಂಬುದನ್ನೂ ಮರೆಯುವಂತಿಲ್ಲ.

ಕೈಕಾಲಿಗೆ ಕಟ್ಟುವ ಸೆನ್ಸರ್ ಪಟ್ಟಿಗಳು ಸಣ್ಣ ಚಲನೆಯನ್ನು ಎಲ್ಲಕ್ಕಿಂತ ಚೊಕ್ಕಟವಾಗಿ ಹಿಡಿದವು. ಆದರೆ ಕಟ್ಟಿದ ಜಾಗ ಬಿಟ್ಟು ಬೇರೇನೂ ಅವಕ್ಕೆ ಗೊತ್ತಿಲ್ಲ. ತಾಯಿ ಮೆಲ್ಲಗೆ ತಟ್ಟಿದರೂ ಅದು ಮಗುವಿನ ಚಲನೆ ಎಂದೇ ದಾಖಲಾಗುತ್ತದೆ. ಅಷ್ಟು ಎಳೆಯ ಮೈಗೆ ಪಟ್ಟಿ ಬಿಗಿಯುವುದೂ ನನಗೆ ಹಿಡಿಸಲಿಲ್ಲ.

ಒಂದನ್ನೇ ಆರಿಸು ಎಂದರೆ ನನ್ನ ಆಯ್ಕೆ ಮೊಬೈಲ್ ವಿಡಿಯೊ, ನೋಡಲು ತರಬೇತಾದ ಕಣ್ಣು. ಎಐಗೆ ನಾನು ಕೊಡುವ ಜಾಗ ಸರದಿ ಜೋಡಿಸುವುದು: ಯಾವ ವಿಡಿಯೊ ಮೊದಲು ನೋಡಬೇಕು ಎಂದು ಹೇಳಲಿ. ಪದ್ಧತಿ ಕಲಿತವರು ಕಡಿಮೆ ಇರುವಲ್ಲಿ ಅದೇ ದೊಡ್ಡ ಉಪಕಾರ. 2022ರಲ್ಲಿ ಪ್ರಕಟವಾದ, ಭಾರತವೂ ಸೇರಿ ನಾಲ್ಕು ದೇಶಗಳ 557 ಶಿಶುಗಳ ಅಧ್ಯಯನದಲ್ಲಿ, ತರಬೇತಿಗೆ ಬಳಸದ ಮಕ್ಕಳ ವಿಡಿಯೊಗಳ ಮೇಲೆ ಡೀಪ್ ಲರ್ನಿಂಗ್ ಎಐ ಮಾದರಿಯ ನಿರ್ದಿಷ್ಟತೆ (ತೊಂದರೆ ಬಾರದ ಮಕ್ಕಳನ್ನು ‘ಅಪಾಯವಿಲ್ಲ’ ಎಂದು ಸರಿಯಾಗಿ ಗುರುತಿಸಿದ ಪ್ರಮಾಣ) ಶೇ 94.1, ಸೂಕ್ಷ್ಮತೆ (ತೊಂದರೆ ಬರಲಿದ್ದ ಮಕ್ಕಳನ್ನು ಸರಿಯಾಗಿ ಹಿಡಿದ ಪ್ರಮಾಣ) ಶೇ 71.4 ಇತ್ತು. ಅಂದರೆ ಅದು ‘ಅಪಾಯವಿದೆ’ ಎಂದರೆ ತಡಮಾಡದೆ ಕಿವಿಗೊಡುತ್ತೇನೆ. ‘ಅಪಾಯವಿಲ್ಲ’ ಎಂದರೆ ನಂಬಿ ಸುಮ್ಮನಾಗಲಾರೆ, ಸೆರೆಬ್ರಲ್ ಪಾಲ್ಸಿ ಬರಲಿದ್ದ ಹತ್ತು ಮಕ್ಕಳಲ್ಲಿ ಸುಮಾರು ಮೂವರು ಅದರ ಕೈತಪ್ಪಿದ್ದಾರೆ. ಅದಕ್ಕೇ ಇಂಥ ಫಲಿತಾಂಶ ಪೋಷಕರ ಮೊಬೈಲ್‌ಗೆ ನೇರವಾಗಿ ಹೋಗುವುದನ್ನು ನಾನು ಒಪ್ಪುವುದಿಲ್ಲ.