ಕಪ್ಪು-ಬಿಳುಪು ಫೋಟೊಗೆ ಎಪ್ಸನ್ ಪಿ900: ಕಾರವಾರದ ಮೂರು ಮಳೆಗಾಲ ಕಂಡ ಮೇಲೆ

ಕಪ್ಪು-ಬಿಳುಪು ಫೋಟೊಗೆಂದೇ ಇಂಕ್‌ಜೆಟ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಬೂದು ಇಂಕ್ ಎಷ್ಟಿವೆ? ಸ್ಟುಡಿಯೋಗಳಲ್ಲಿ ಕಾಣುವ ಎಪ್ಸನ್ ಎಲ್805, ಎಲ್1800 ತರಹದ ಆರು ಬಣ್ಣದ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಒಂದೂ ಇಲ್ಲ. ತಿಳಿ ಬೂದು ಬೇಕಾದಾಗ ಅವು ಸಯಾನ್, ಮೆಜೆಂಟಾ, ಹಳದಿಯನ್ನು ಬೆರೆಸುತ್ತವೆ. ಮೂರರಲ್ಲಿ ಯಾವುದೋ ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ದೇವಿಮನೆ ಘಾಟಿನ ಮಂಜಿಗೆ ಹಸಿರು ಬಡಿಯುತ್ತದೆ, ನೆರಳಿಗೆ ನಸುಗೆಂಪು ಬರುತ್ತದೆ. ಎಲ್‌ಇಡಿ ಬಲ್ಬಿನ ಕೆಳಗೆ ಸರಿ ಕಂಡದ್ದು ಕಿಟಕಿಯ ಹತ್ತಿರ ತಂದರೆ ಬೇರೆಯೇ ಆಗುತ್ತದೆ. ಒಳ್ಳೆಯ ಪ್ರೊಫೈಲ್ (ಆ ಕಾಗದಕ್ಕೂ ಇಂಕಿಗೂ ತಕ್ಕಂತೆ ಬಣ್ಣ ತಿದ್ದುವ ಫೈಲ್) ಹಾಕಿದರೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

ಎಪ್ಸನ್ ಪಿ900ರಲ್ಲಿ ಹತ್ತು ಪಿಗ್ಮೆಂಟ್ (ದ್ರವದಲ್ಲಿ ತೇಲುವ ಬಣ್ಣದ ಸೂಕ್ಷ್ಮ ಕಣಗಳ) ಇಂಕ್‌ಗಳಿವೆ. ನಮ್ಮ ಕೆಲಸಕ್ಕೆ ಮುಖ್ಯವಾದವು ನಾಲ್ಕು: ಫೋಟೊ ಬ್ಲ್ಯಾಕ್, ಮ್ಯಾಟ್ ಬ್ಲ್ಯಾಕ್, ಗ್ರೇ, ಲೈಟ್ ಗ್ರೇ. ಎರಡು ಕಪ್ಪಿಗೂ ಬೇರೆ ಬೇರೆ ನಾಝಲ್ (ಇಂಕ್ ಚಿಮ್ಮುವ ಸೂಕ್ಷ್ಮ ರಂಧ್ರ) ಇರುವುದು 2020ರಲ್ಲಿ ಬಂದ ಈ ಪೀಳಿಗೆಯ ದೊಡ್ಡ ಅನುಕೂಲ. ಹಿಂದಿನ ಪಿ600, ಪಿ800ರಲ್ಲಿ ಹೊಳಪಿನ ಕಾಗದದಿಂದ ಹೊಳಪಿಲ್ಲದ ಮ್ಯಾಟ್‌ಗೆ ಹೋಗುವಾಗಲೆಲ್ಲ ಕಪ್ಪನ್ನು ಬದಲಿಸಬೇಕಿತ್ತು, ಪ್ರತಿ ಸಲವೂ ಇಂಕ್ ಸುಮ್ಮನೆ ತ್ಯಾಜ್ಯದ ಡಬ್ಬಿಗೆ ಹರಿಯುತ್ತಿತ್ತು.

ಪಿ900 ಎ2 ಅಗಲದ್ದು, ಕಾರ್ಟ್ರಿಜ್ 50 ಮಿಲಿ. ತಮ್ಮನಾದ ಪಿ700 ಎ3+ ಅಗಲದ್ದು, ಕಾರ್ಟ್ರಿಜ್ 25 ಮಿಲಿ. ಇಂಕ್ ಮತ್ತು ಹೆಡ್ (ಇಂಕ್ ಚಿಮ್ಮಿಸುವ ಭಾಗ) ಎರಡು ಪ್ರಿಂಟರಿಗೂ ಒಂದೇ ಜಾತಿಯವು, ಹಾಗಾಗಿ ಎ3 ದಾಟದವರು ಗುಣಮಟ್ಟಕ್ಕಾಗಿ ಪಿ900ಕ್ಕೆ ಹಣ ಹಾಕಬೇಕಿಲ್ಲ. ರೋಲ್ ಕಾಗದ ಬಳಸುವವರು ಮಾತ್ರ ಗಮನಿಸಿ: ಪಿ700ರಲ್ಲಿ ರೋಲ್ ಜೋಡಣೆ ಒಳಗೇ ಇದೆ, ಪಿ900ಕ್ಕೆ ಬೇರೆ ಕೊಳ್ಳಬೇಕು. ಕ್ಯಾನನ್ ಪ್ರೊ-300ರಲ್ಲಿ ಬೂದು ಒಂದೇ, ಕಾರ್ಟ್ರಿಜ್ 14.4 ಮಿಲಿ. ಆದರೆ ಅದರ ಕ್ರೋಮಾ ಆಪ್ಟಿಮೈಜರ್ ಎಂಬ ಬಣ್ಣವಿಲ್ಲದ ಲೇಪ ಹೊಳಪಿನ ಕಾಗದದ ಮೇಲೆ ಇಂಕ್ ಬಿದ್ದ ಜಾಗ ಮತ್ತು ಬೀಳದ ಜಾಗದ ಹೊಳಪನ್ನು ಸಮ ಮಾಡುತ್ತದೆ. ಗ್ಲಾಸಿ ಮಾತ್ರ ಮುದ್ರಿಸುವವರಿಗೆ ಅದು ಒಳ್ಳೆಯ ಆಯ್ಕೆ. ದುಡ್ಡು ಕಡಿಮೆ, ಕಲಿಯುವ ಹಂತ ಎನ್ನುವವರಿಗೆ ಒಂದು ಬೂದು ಇಂಕ್ ಇರುವ ಟ್ಯಾಂಕ್ ಪ್ರಿಂಟರ್ ಎಪ್ಸನ್ ಎಲ್8180 ಇದೆ. ಬಣ್ಣದ ಛಾಯೆ ಎಲ್805ಕ್ಕಿಂತ ಬಹಳ ಕಡಿಮೆ. ಆದರೆ ಫೋಟೊ ಮುದ್ರಿಸುವ ಅದರ ಇಂಕ್ ಡೈ, ಅಂದರೆ ದ್ರವದಲ್ಲಿ ಕರಗಿದ ಬಣ್ಣ. ಗಾಜಿಲ್ಲದೆ ಗೋಡೆಗೆ ಹಾಕಿದರೆ ಪಿಗ್ಮೆಂಟಿನಷ್ಟು ಬಾಳುವುದಿಲ್ಲ.

ಪಿ900ರ ಡ್ರೈವರಿನಲ್ಲಿ (ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ತಂತ್ರಾಂಶ) ಇರುವ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಮೋಡ್‌ಗಾಗಿಯೇ ಈ ಮಷಿನ್ ಕೊಳ್ಳಬಹುದು. ಇದರಲ್ಲಿ ಚಿತ್ರದ ಬಹುಪಾಲು ಕಪ್ಪು ಮತ್ತು ಬೂದು ಇಂಕ್‌ಗಳಿಂದಲೇ ಆಗುತ್ತದೆ, ಬಣ್ಣದ ಇಂಕ್ ಛಾಯೆ ತಿದ್ದುವಷ್ಟು ಮಾತ್ರ ಬೀಳುತ್ತದೆ. ಫೋಟೊಶಾಪಿನಲ್ಲಿ ಬಣ್ಣದ ನಿರ್ವಹಣೆಯನ್ನು ಪ್ರಿಂಟರಿಗೆ ಬಿಡಿ. ಪ್ರೊಫೈಲನ್ನೂ ಹಾಕಿ ಈ ಮೋಡನ್ನೂ ಒತ್ತಿದರೆ ಎರಡೆರಡು ಸಲ ತಿದ್ದಿ ಚಿತ್ರ ಕೆಡುತ್ತದೆ. ಫೈಲ್ 16 ಬಿಟ್, ಗ್ರೇ ಗಾಮಾ 2.2, ಮುದ್ರಿಸುವ ಅಳತೆಯಲ್ಲಿ 360 ಪಿಪಿಐ (ಇಂಚಿಗೆ ಪಿಕ್ಸೆಲ್). ಟೋನ್ ಮೊದಲೇ 'ಡಾರ್ಕರ್' ಎಂದಿರುತ್ತದೆ. ಯಾಣದ ಬಂಡೆಯಂಥ ಚಿತ್ರಕ್ಕೆ ಅದನ್ನು 'ಡಾರ್ಕ್'ಗೆ ಇಳಿಸಿದರೆ ಬಂಡೆಯ ಸೀಳುಗಳು ತೆರೆದುಕೊಳ್ಳುತ್ತವೆ. ಹೊಳಪಿನ ಕಾಗದಕ್ಕೆ ಕಾರ್ಬನ್ ಬ್ಲ್ಯಾಕ್ ಎಂಬ ಆಯ್ಕೆಯೂ ಇದೆ. ಅದು ಲೈಟ್ ಗ್ರೇಯನ್ನು ಮೇಲಿಂದ ಇನ್ನೊಮ್ಮೆ ಹಾಯಿಸಿ ಕಪ್ಪನ್ನು ಇನ್ನಷ್ಟು ಆಳ ಮಾಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಬರೈಟಾ ಎಂಬ ಹೊಳಪಿನ ಕಾಗದದ ಮೇಲೆ ಅದರ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತದೆ.

ಯಾವುದೇ ಹೊಸ ಕಾಗದಕ್ಕೆ ಮೊದಲು ಚಿತ್ರ ಹಾಕಬೇಡಿ. ಬಿಳಿಯಿಂದ ಕಪ್ಪಿನವರೆಗೆ ಶೇಕಡ 5ರ ಅಂತರದ 21 ಚೌಕಗಳ ಪಟ್ಟಿ ಮಾಡಿಕೊಂಡು ಎ4ರಲ್ಲಿ ಮುದ್ರಿಸಿ, ಒಂದು ದಿನ ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ನೋಡಿ. ಮ್ಯಾಟ್ ಕಾಗದದಲ್ಲಿ ಸಾಮಾನ್ಯವಾಗಿ ಶೇಕಡ 90ರ ನಂತರದ ಚೌಕಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಪ್ಪಿನ ಸಾಂದ್ರತೆ (ಸಂಖ್ಯೆ ದೊಡ್ಡದಾದಷ್ಟೂ ಕಪ್ಪು ಗಾಢ) ಮ್ಯಾಟ್‌ನಲ್ಲಿ ಸುಮಾರು 1.6-1.7ಕ್ಕೆ ನಿಲ್ಲುತ್ತದೆ, ಬರೈಟಾದಲ್ಲಿ 2.3ರ ಆಚೆಗೂ ಹೋಗುತ್ತದೆ. ಅದಕ್ಕೇ ಮ್ಯಾಟ್‌ಗೆ ಕಳಿಸುವ ಫೈಲಿನ ನೆರಳನ್ನು ಕರ್ವ್‌ನಲ್ಲಿ ಸ್ವಲ್ಪ ಎತ್ತಿ ತಿಳಿ ಮಾಡಿಡಬೇಕು. ಹರಿವ ನೀರು, ಘಾಟಿನ ಮಂಜು, ಅಡಿಕೆ ತೋಟದ ಮುಂಜಾವಿಗೆ ಹತ್ತಿಯ ಮ್ಯಾಟ್ ಕಾಗದವಾದ ಹಾನೆಮ್ಯೂಲೆ ಫೋಟೊ ರ‍್ಯಾಗ್ 308. ಯಾಣ, ಯಕ್ಷಗಾನದ ರಾತ್ರಿ ವೇದಿಕೆ, ದೋಣಿಯಲ್ಲಿ ಬಿದ್ದ ಬಂಗಡೆಯ ಹೊಳಪು ಇಂಥವಕ್ಕೆ ಬರೈಟಾ ಬಗೆಯ ಕ್ಯಾನ್ಸನ್ ಪ್ಲಾಟಿನ್ 310. ಇದು ನಮ್ಮ ಹಂಚಿಕೆ. ತುಂಬಾ ಬೆಳ್ಳಗೆ ಹೊಳೆಯುವ ಅಗ್ಗದ ಕಾಗದಗಳಲ್ಲಿ ಬಿಳುಪಿಗೆ ರಾಸಾಯನಿಕ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಅದು ಸತ್ವ ಕಳೆದುಕೊಂಡು ಕಾಗದ ಹಳದಿಯಾಗುತ್ತದೆ.

ಹೆಚ್ಚು ಜನ ಎಡವುವುದು ಡ್ರೈವರಿನಲ್ಲಿ ಕಾಗದದ ಬಗೆ ಆರಿಸುವ ಮೀಡಿಯಾ ಟೈಪ್‌ನಲ್ಲಿ. ಯಾವ ಕಪ್ಪು ಬೀಳಬೇಕು ಎಂಬುದನ್ನು ಪ್ರಿಂಟರ್ ಅದನ್ನು ನೋಡಿಯೇ ತೀರ್ಮಾನಿಸುತ್ತದೆ. ಮ್ಯಾಟ್ ಕಾಗದವಿಟ್ಟು ಗ್ಲಾಸಿ ಎಂದು ಆರಿಸಿದರೆ ಕಪ್ಪು ಬೂದಿ ಮೆತ್ತಿದಂತೆ ಬರುತ್ತದೆ. ಗ್ಲಾಸಿಯ ಮೇಲೆ ಮ್ಯಾಟ್ ಬ್ಲ್ಯಾಕ್ ಬಿದ್ದರೆ ಬೆರಳಿಗೇ ಅಂಟಿ ಬರುತ್ತದೆ. ಇನ್ನು ಮುದ್ರಣ ತೀರಾ ಕಪ್ಪಾಗಿ ಬಂತು ಎನ್ನುವ ದೂರಿನಲ್ಲಿ ಹತ್ತಕ್ಕೆ ಒಂಬತ್ತು ಸಲ ಪ್ರಿಂಟರಿನ ತಪ್ಪಿರುವುದಿಲ್ಲ, ಮಾನಿಟರ್ ವಿಪರೀತ ಪ್ರಕಾಶಕ್ಕಿರುತ್ತದೆ. ಪ್ರಕಾಶವನ್ನು ಚದರ ಮೀಟರಿಗೆ 80ರಿಂದ 100 ಕ್ಯಾಂಡೆಲಾಕ್ಕೆ ಇಳಿಸಿ ಆಮೇಲೆ ಫೈಲ್ ತಿದ್ದಿ.

ಕರಾವಳಿಯಲ್ಲಿ ನಿಜವಾದ ಕಾಟ ಕಾಗದದ್ದು. ಒಣಹವೆಯ ಊರುಗಳಲ್ಲಿ ಹೆಡ್ ಕಟ್ಟಿಕೊಳ್ಳುತ್ತದೆಂದು ಹೆದರುತ್ತಾರೆ. ಕಾರವಾರದಲ್ಲಿ ಆ ಹೆದರಿಕೆ ಕಡಿಮೆ. ವಾರಕ್ಕೊಂದು ನಾಝಲ್ ಚೆಕ್ (ಎಲ್ಲ ರಂಧ್ರಗಳೂ ಇಂಕ್ ಬಿಡುತ್ತಿವೆಯೇ ಎಂದು ತೋರಿಸುವ ಗೆರೆಗಳ ಮುದ್ರಣ) ಸಾಕು. ಗೆರೆ ತಪ್ಪಿದರೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕ್ಲೀನಿಂಗ್ ಮಾಡಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಬೆನ್ನುಬೆನ್ನಿಗೆ ಕ್ಲೀನಿಂಗ್ ಒತ್ತುತ್ತ ಹೋದರೆ ಇಂಕ್ ಖಾಲಿಯಾಗುವುದು ಬಿಟ್ಟರೆ ಲಾಭವಿಲ್ಲ. ಆದರೆ ಜೂನ್ ಬಂತೆಂದರೆ ಹತ್ತಿಯ ಕಾಗದ ಹಪ್ಪಳದಂತೆ ತೇವ ಹೀರಿ ಅಂಚು ಎತ್ತುತ್ತದೆ. ಎತ್ತಿದ ಅಂಚಿಗೆ ಹೆಡ್ ಉಜ್ಜಿ, ಹಾಳೆಯ ಆರಂಭ ಮತ್ತು ಕೊನೆಯಲ್ಲಿ ಕಪ್ಪು ಗೀಚು ಬೀಳುತ್ತದೆ. ಇದಕ್ಕೆ ಪ್ಲೇಟನ್ ಗ್ಯಾಪನ್ನು (ಹೆಡ್ಡಿಗೂ ಕಾಗದಕ್ಕೂ ನಡುವಿನ ಅಂತರ) ವೈಡ್ ಮಾಡಿ, ಎರಡೂ ತುದಿಗೆ 3 ಸೆಂಟಿಮೀಟರಿಗಿಂತ ಹೆಚ್ಚು ಅಂಚು ಬಿಡಿ, ಬಾಗಿದ ಹಾಳೆಯನ್ನು ಎದುರು ದಿಕ್ಕಿಗೆ ಮೆಲ್ಲಗೆ ಸುರುಳಿ ಮಾಡಿ ಮಟ್ಟಸ ಮಾಡಿಕೊಂಡು ಹಾಕಿ.

ಅದಕ್ಕೂ ಮೊದಲು ಕಾಗದ ಇಡುವ ಜಾಗ ನೆಟ್ಟಗಿರಬೇಕು. ಗಾಳಿಯಾಡದ ಮುಚ್ಚಳದ ದೊಡ್ಡ ಡಬ್ಬಿ, ಒಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಜೊತೆಗೊಂದು ತೇವಾಂಶ ಅಳೆಯುವ ಪುಟ್ಟ ಮೀಟರ್. ಮೀಟರ್ ಶೇಕಡ 50ರ ಸುತ್ತ ತೋರಿಸಬೇಕು. ಜೆಲ್ ಹಸಿರಾದರೆ ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ತಾಸು ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಬೇಕಾದಷ್ಟೇ ಹಾಳೆ ತೆಗೆದು ಕೂಡಲೇ ಮುದ್ರಿಸಿ. ಮುದ್ರಿಸುವ ಕೋಣೆಗೆ ಡಿಹ್ಯುಮಿಡಿಫೈಯರ್ ಇದ್ದರೆ ಉತ್ತಮ, ಇಲ್ಲದಿದ್ದರೆ ಎಸಿಯ ಡ್ರೈ ಮೋಡ್. ಶಿರಸಿ ಕಡೆಯ ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ಡಬ್ಬಿಯನ್ನು ಗೋಡೆಗೆ ತಾಗಿಸಿ ಇಡಲೇಬೇಡಿ, ಬೂಷ್ಟು ಹಿಡಿಯುವುದು ಅಲ್ಲಿಂದಲೇ. ಮುದ್ರಿಸುವ ಮೊದಲು ಹತ್ತಿಯ ಕಾಗದದ ಮೇಲಿನ ಧೂಳು, ಎಳೆಗಳನ್ನು ಮೃದುವಾದ ಬ್ರಷ್‌ನಿಂದ ಝಾಡಿಸಿ. ಇಲ್ಲದಿದ್ದರೆ ಮುದ್ರಣದ ನಂತರ ಎಳೆ ಉದುರಿದ ಜಾಗದಲ್ಲಿ ಕಪ್ಪು ಆಕಾಶದ ನಡುವೆ ಬಿಳಿ ಚುಕ್ಕೆ ಉಳಿಯುತ್ತದೆ.

ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಮುದ್ರಣದ ನಡುವೆ ಹೋದರೆ ಹಾಳೆ ಹೋದದ್ದಷ್ಟೇ ಅಲ್ಲ, ಹೆಡ್ ತನ್ನ ಮುಚ್ಚಳಕ್ಕೆ ಮರಳದೆ ಬಯಲಲ್ಲಿ ಒಣಗುತ್ತದೆ. ಈ ಪ್ರಿಂಟರ್ ಲೇಸರ್‌ನಂತೆ ಕರೆಂಟು ಎಳೆಯುವುದಿಲ್ಲ, 600 ವಿಎ ಯುಪಿಎಸ್ ಸಾಕು. ಪ್ರಿಂಟರನ್ನು ಯಾವಾಗಲೂ ಅದರ ಬಟನ್‌ನಿಂದಲೇ ಆರಿಸಿ, ಗೋಡೆಯ ಸ್ವಿಚ್ಚಿನಿಂದ ಬೇಡ. ಸಮುದ್ರದ ಕಡೆಯ ಕಿಟಕಿಯಿಂದ ದೂರವಿಡಿ. ಉಪ್ಪುಗಾಳಿ ಲೋಹದ ಭಾಗಗಳಿಗೆ ಆಗಿಬರುವುದಿಲ್ಲ. ಕೆಲಸವಿಲ್ಲದಾಗ ಬಟ್ಟೆಯ ಹೊದಿಕೆ ಹಾಕಿ. ಪ್ಲಾಸ್ಟಿಕ್ ಹಾಕಿದರೆ ಒಳಗೇ ಬೆವರುತ್ತದೆ.

ಮುದ್ರಿಸಿದ ಹಾಳೆಯನ್ನು ಬೇಸಿಗೆಯಲ್ಲಿ ಒಂದು ದಿನ, ಆಷಾಢದಲ್ಲಿ ಮೂರು ದಿನ ಒಣಗಿಸಿ. ಮೇಲೆ ಲೇಪವಿಲ್ಲದ ಸಾದಾ ಬಿಳಿ ಕಾಗದವಿಟ್ಟು ದಿನಕ್ಕೊಮ್ಮೆ ಬದಲಿಸುತ್ತಿದ್ದರೆ ಇಂಕಿನ ದ್ರಾವಕವನ್ನು ಅದು ಹೀರುತ್ತದೆ. ಅವಸರ ಮಾಡಿ ಫ್ರೇಮ್ ಹಾಕಿದರೆ ಕೆಲವು ವಾರದಲ್ಲಿ ಗಾಜಿನ ಒಳಮೈ ಮಬ್ಬಾಗುತ್ತದೆ. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು) ಇರಲಿ, ಇಲ್ಲದಿದ್ದರೆ ತೇವಕ್ಕೆ ಎರಡೂ ಅಂಟಿಕೊಂಡು ಮತ್ತೆ ಬಿಡಿಸಲಾಗದು. ಫ್ರೇಮಿನ ಹಿಂದಿನ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡುತ್ತದೆ.

ತಿಂಗಳಿಗೆ ಎರಡು ಹಾಳೆಯೂ ಮುದ್ರಿಸದವರು ಇದನ್ನು ಕೊಳ್ಳಬೇಡಿ, ಒಳ್ಳೆಯ ಲ್ಯಾಬಿಗೆ ಫೈಲ್ ಕಳಿಸುವುದೇ ಅಗ್ಗ. ಕೊಳ್ಳುವವರು ಮೇ ಮುಗಿಯುವ ಮೊದಲೇ ಲೈಟ್ ಗ್ರೇ, ಗ್ರೇ, ತಮ್ಮ ಕಾಗದಕ್ಕೆ ತಕ್ಕ ಕಪ್ಪು ಮತ್ತು ಒಂದು ಮೆಂಟೆನೆನ್ಸ್ ಬಾಕ್ಸ್ (ತ್ಯಾಜ್ಯ ಇಂಕ್ ಸೇರುವ ಡಬ್ಬಿ) ತರಿಸಿಟ್ಟುಕೊಳ್ಳಿ. ಕಪ್ಪು-ಬಿಳುಪು ಮೋಡ್‌ನಲ್ಲಿ ಮೊದಲು ಮುಗಿಯುವುದು ಬೂದುಗಳೇ, ಮಳೆಗೆ ಘಾಟಿ ರಸ್ತೆ ಬಂದ್ ಆದರೆ ಪಾರ್ಸೆಲ್ ಎಲ್ಲಿ ಕೂತಿದೆಯೋ ಗೊತ್ತಾಗುವುದಿಲ್ಲ.